ದೆಹಲಿಗೆ ಮೊದಲೇ ಹೊರಟ ಚೀಲ

ಕೊಪ್ಪದಲ್ಲಿ ಕಳೆ ಕೊಚ್ಚುವ ಯಂತ್ರ ಮಾರುವ ಅಂಗಡಿಯ ನೌಕರ, ಪಕ್ಕದ ನಾರ್ವೆ ಎಂಬ ಹಳ್ಳಿಯ ವಿಜಯ್, ವಿಮಾನವನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಆದರೂ ಮಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು ಸಾವಿರದ ಏಳುನೂರೈವತ್ತು ಕಿಲೋಮೀಟರ್, ಮೂರು ತಾಸಿನೊಳಗೆ ಮುಟ್ಟಬಹುದು ಎಂದು ಬ್ಲೇಡು ಕೊಳ್ಳಲು ಬಂದವರನ್ನೂ ಬಿಡದೆ ಹೇಳುತ್ತಿದ್ದ. ಹೆಚ್ಚು ಯಂತ್ರ ಮಾರಿದವರನ್ನು ಕಂಪನಿ ದೆಹಲಿಗೆ ಕರೆದಿತ್ತು. ವಿಮಾನ ತಪ್ಪಿದರೆ ಇನ್ನೊಂದು ಟಿಕೆಟ್ ಇಲ್ಲ. ಪೇಟೆಗೆಲ್ಲ ಡಂಗುರ ಸಾರಿದವನಿಗೆ ಆಮೇಲೆ ತಲೆಯೆತ್ತಿ ತಿರುಗುವ ದಾರಿಯೂ ಇಲ್ಲ.

ತೊಡಕು ಒಂದೇ. ವಿಮಾನ ಇದ್ದದ್ದು ಬುಧವಾರ.

"ಬುಧವಾರ ಬಡಗು ದಿಕ್ಕಿಗೆ ಹೊರಡೋ ಹಾಗಿಲ್ಲ, ವಾರಶೂಲೆ," ಎಂದರು ತಾಯಿ ಯಮುನಮ್ಮ.

"ವಿಮಾನಕ್ಕೆ ಎಂತ ಶೂಲೆ? ಅದು ಮೇಲೆ ಹೋಗೋದು."

"ಹೊರಡೋ ಹೊತ್ತಲ್ಲಿ ಮೇಲೆ ಹೋಗೋ ಮಾತು ಆಡ್ಬೇಡ."

ಹಾಗಾಗಿ ಸೋಮವಾರವೇ ಪ್ರಸ್ಥಾನವಾಯಿತು. ಒಳ್ಳೆಯ ದಿನ ನೋಡಿ ಪ್ರಯಾಣಿಕನ ಚೀಲವನ್ನು ನೆರೆಮನೆಯಲ್ಲಿ ಇಟ್ಟುಬಂದರೆ ಅವನು ಅಂದೇ ಹೊರಟಂತೆ. ಯಮುನಮ್ಮ ಚೀಲದೊಳಗೆ ಆಧಾರ್ ಕಾರ್ಡನ್ನೂ ಹಾಕಿದರು. "ನಿನ್ನ ಮುಖ ಇರೋದು ಇದ್ರಲ್ಲೇ. ಇದು ಹೋದ್ರೆ ನೀನೇ ಹೋದಂಗೆ." ಕಾರ್ಡಿನ ನಕಲನ್ನು ಫೋನಿನಲ್ಲಿ ಇಟ್ಟುಕೊಳ್ಳುವುದನ್ನು ಗಿರಾಕಿಗಳಿಗೆಲ್ಲ ಕಲಿಸಿದ್ದ ವಿಜಯ್ ತಾನು ಮಾತ್ರ ಇಟ್ಟುಕೊಂಡಿರಲಿಲ್ಲ.

ಬುಧವಾರ ಬೆಳಿಗ್ಗೆ ತಿಮ್ಮಪ್ಪನ ಬಾಡಿಗೆ ಕಾರು ನೆರೆಮನೆಯ ಗುಡ್ಡಮ್ಮನ ಅಂಗಳದಲ್ಲಿ ನಿಂತಿತು.

"ಅತ್ತೆ, ಚೀಲ."

"ಚೀಲ ಕಮ್ಮರಡೀಲಿ ಉಂಟಲ್ಲ!"

"ಕಮ್ಮರಡೀಲಾ?"

"ಅಷ್ಟು ದೂರ ಹೋಗೋನಿಗೆ ಪಕ್ಕದ ಮನೆ ಪ್ರಸ್ಥಾನ ಸಾಲ್ತದನಾ? ದೆಹಲಿ ಕಡೆಗೇ ಇರ್ಲಿ ಅಂತ ಮೊನ್ನೆಯೇ ಮಗಳು ಮಾಲತಿ ಕೈಲಿ ಅವಳ ಮನೆಗೆ ಕಳಿಸ್ದೆ. ನಿಂಗೂ ಅಷ್ಟು ದಾರಿ ಉಳಿತು."

ಕಮ್ಮರಡಿಯೂ ದೆಹಲಿಯೂ ಬಡಗಿಗೆ ಇದ್ದದ್ದೇನೋ ನಿಜ. ಆದರೆ ವಿಮಾನ ಇದ್ದದ್ದು ಶೃಂಗೇರಿ ದಾಟಿ, ಘಾಟಿ ಇಳಿದು, ತೆಂಕಿಗೆ, ಮಂಗಳೂರಿನಲ್ಲಿ. ವಿಜಯ್ ಓಡಿ ಬಂದು ಕಾರು ಹತ್ತಿದ.

"ಮಾರಾಯ, ನಿನಗಿಂತ ನಿನ್ನ ಚೀಲಕ್ಕೇ ಬುದ್ಧಿ ಜಾಸ್ತಿ," ಎನ್ನುತ್ತ ತಿಮ್ಮಪ್ಪ ಕಾರನ್ನು ತಿರುಗಿಸಿದ.

ಕಮ್ಮರಡಿಯಲ್ಲಿ ಮಾಲತಿ ಚೀಲವನ್ನು ಕೊಡುವ ಮೊದಲು ಕಡುಬು ಬಡಿಸಿದಳು. "ಖಾಲಿ ಹೊಟ್ಟೇಲಿ ಅಷ್ಟು ದೂರ ಕಳಿಸಿದ್ರೆ ಅಮ್ಮ ನನ್ನ ಬಿಡ್ತಾಳಾ?" ಎರಡು ತಿಂದದ್ದಕ್ಕೆ ಚೀಲ ಸಿಕ್ಕಿತು. ಆ ಎರಡನ್ನೂ ವಿಜಯ್ ಘಾಟಿಯ ತಿರುವುಗಳಿಗೆ ಒಂದೊಂದಾಗಿ ಒಪ್ಪಿಸಿದ. ಮೂರು ತಾಸಿನಲ್ಲಿ ದೆಹಲಿ ಎಂದು ಸಾರಿದವನು ಅಷ್ಟೇ ಹೊತ್ತು ಕಳೆದರೂ ಕಾರ್ಕಳ ಮುಟ್ಟಿರಲಿಲ್ಲ.

"ಸಿಕ್ತದಾ ತಿಮ್ಮಪ್ಪಣ್ಣ?"

"ಸಿಗದಿದ್ರೆ ಕಮ್ಮರಡೀಲೇ ನಾಕು ದಿನ ಇದ್ದು ಬಾ. ದೆಹಲಿಗೆ ಹೋಗಿದ್ದೆ ಅಂದ್ರಾಯ್ತು."

ಅಂಥದೊಂದು ಯೋಚನೆ ವಿಜಯ್‌ಗೆ ಆಗಲೇ ಬಂದಿತ್ತು ಎನ್ನುವುದೇ ನಾಚಿಕೆಯ ಸಂಗತಿ.

ನಿಲ್ದಾಣದಲ್ಲಿ ಅವನು ಓಡಿದ ಓಟಕ್ಕೆ ಸಾಲಿನಲ್ಲಿದ್ದವರು ತಾವಾಗಿ ದಾರಿ ಬಿಟ್ಟರು. ಕೌಂಟರಿನ ಹುಡುಗಿ ಆಧಾರ್ ಕಾರ್ಡಿನ ಮುಖವನ್ನೂ ಬೆವರಿಳಿಯುವ ಮುಖವನ್ನೂ ಎರಡೆರಡು ಸಲ ನೋಡಿ, "ಕೊನೆಯವರು ನೀವೇ, ಬೇಗ," ಎಂದಳು.

ಸಿಕ್ಕಿದ್ದು ಕಿಟಕಿಯ ಸೀಟೇ. ಬೆಲ್ಟು ಬಿಗಿದು, ಮೋಡ ಬಂದಾಗ ಫೋಟೋ ಹೊಡೆಯಲೆಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಒಂದು ಸಲ ಕಣ್ಣು ಮುಚ್ಚಿದ.

ಪಕ್ಕದವರು ಭುಜ ಅಲುಗಿಸಿದಾಗ ವಿಮಾನ ದೆಹಲಿಯಲ್ಲಿ ನಿಂತಿತ್ತು. ಹೊರಗೆ ಬರುವಷ್ಟರಲ್ಲಿ ಅಂಗಡಿಯ ಯಜಮಾನ ರೇಣುಕಪ್ಪನವರ ಫೋನು.

"ಹ್ಯಾಗಿತ್ತೋ ವಿಮಾನ? ಮೇಲಿಂದ ಎಂತೆಲ್ಲ ಕಂಡ್ತು?"

ವಿಜಯ್ ಚೀಲವನ್ನು ಹೆಗಲಿಗೇರಿಸಿದ.

"ಸೀಟು ಭಾರಿ ಮೆತ್ತಗಿತ್ತು ಸಾರ್."