ಅವರೆಕಾಯಿ ಕಾಲದ ಸ್ಪ್ಯಾನಿಷ್

ಹುಣಸೂರಿನಲ್ಲಿ ನಮ್ಮ ಎದುರು ಮನೆಗೆ ಸ್ಪೇನ್ ದೇಶದ ಸಂಸಾರವೊಂದು ಕೈಗೂಸನ್ನು ಎತ್ತಿಕೊಂಡು ಬಾಡಿಗೆಗೆ ಬಂತು. ಯಜಮಾನರು ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಅವರ ಹೆಂಡತಿ ಸಂತೆಗೆ ಸಾಲುವಷ್ಟು ಕನ್ನಡ ಕಲಿತರು. ಕೂಸನ್ನು ಆಡಿಸಿ ಬೆಳೆಸಿದವಳು ಪಿರಿಯಾಪಟ್ಟಣದ ಕಡೆಯ ಆಳು ಹೆಂಗಸು. ಹಾಗಾಗಿ ಐದು ವರ್ಷ ತುಂಬುವ ಹೊತ್ತಿಗೆ ಮಗುವಿನದು ಅಪ್ಪಟ ನಮ್ಮೂರ ಮಾತು. ತಾಯಿಯ ಭಾಷೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲೇ ಬರುತ್ತಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಗುವಿನ ಅಜ್ಜಿ ಹಡಗಿನಲ್ಲಿ ಬರುವವರಿದ್ದರು. ಅವರಿಗೆ ಸ್ಪ್ಯಾನಿಷ್ ಬಿಟ್ಟು ಬೇರೇನೂ ಬಾರದು.

"ನಮ್ಮಮ್ಮ ಅಷ್ಟು ದೂರದಿಂದ ಬತ್ತಾರೆ. ಮೊಮ್ಮಗಳ ಜೊತೆ ಮಾತೇ ಇಲ್ಲ ಅಂದ್ರೆ?" ಎಂದು ತಾಯಿ ನಮ್ಮ ಜಗಲಿಯಲ್ಲಿ ಕಣ್ಣೊರೆಸಿಕೊಂಡರು.

ನಮ್ಮವ್ವ ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದಳು. ನಮ್ಮ ಕಡೆ ಆ ಹೊತ್ತಿಗೆ ಬಂದವರು ಯಾರೇ ಆಗಲಿ, ಒಂದು ಬೊಗಸೆ ಕಾಳು ಮುಂದಿಟ್ಟುಕೊಂಡು ಸಿಪ್ಪೆ ಬಿಡಿಸುತ್ತಲೇ ಮಾತಾಡಬೇಕು. ಆಕೆಯ ಮುಂದೆಯೂ ಕಾಳು ಸುರಿದು ಅವ್ವ ಹೇಳಿದಳು: "ಅಳ್ಬ್ಯಾಡಿ ಬುಡಿ ಅಮ್ಮಣ್ಣಿ. ಮಗೀಗೆ ಕನ್ನಡ್ದಲ್ಲೇ ಎಲ್ಲಾ ನಡೀತದೆ. ನಡೀದಂಗೆ ಮಾಡವ. ಮೊದ್ಲು ನಂಗೆ ನಾಕು ಮಾತು ಏಳ್ಕೊಡಿ."

ಹಾಗೆ ಅವ್ವ, ಪಕ್ಕದಲ್ಲಿ ಕೂತಿದ್ದ ನಾನು, ಇಬ್ಬರೂ ಕಲಿತ ಮೊದಲ ಮಾತು 'ಕೇ ಎಸ್ ಎಸ್ತೊ'. ಇದೇನು ಎಂದರ್ಥ. ಮರುದಿನ ಮಗು ಬಂದಾಗ ಅವ್ವ ಅಂಗಳದ ಕೋಳಿಯನ್ನು ತೋರಿಸಿ ಹಾಗೆಯೇ ಕೇಳಿದಳು.

"ಕೋಳಿ ಕಣ್ ದೊಡ್ಡವ್ವ."

"ಏನಂದೆ? ನಂಗೆ ಕನ್ನಡ ಬರಾಕಿಲ್ಲ ಕಣವ್ವ."

"ಮತ್ತೆ ಈಗ ಆಡಿದ್ದೇನು?"

"ಅದೊಂದೇ ಬರಾದು."

ಮಗು ನನ್ನ ಮುಖ ನೋಡಿತು. ನನಗೂ ಬಾರದೆಂದು ತಲೆಯಾಡಿಸಿದೆ. ಮಗು ಮುನಿಸಿಕೊಂಡೇ ಕೊನೆಗೆ "ಗಯೀನಾ" ಎಂದಿತು.

ಆಮೇಲೆ ಮೊರ, ಒನಕೆ, ಅವ್ವನ ಮುರುಕು ಹಲ್ಲು ಎಲ್ಲಕ್ಕೂ ಹೆಸರು ಬಂತು. ಹೆಸರಿನಿಂದ ಮಾತಿಗೆ ದಾಟಿಸಿದ್ದು ಬೆಲ್ಲ. ಸ್ಪ್ಯಾನಿಷ್‌ನಲ್ಲಿ ಕೇಳುವ ತನಕ ಅವ್ವ ಕೊಡುತ್ತಿರಲಿಲ್ಲ. ಕೊಟ್ಟರೆ, ಚೂರು ಚಿಕ್ಕದಾಯಿತೆಂದು ಮಗು ಅದೇ ಭಾಷೆಯಲ್ಲಿ ಜಗಳಕ್ಕೆ ನಿಲ್ಲುತ್ತಿತ್ತು. ನಾನಾಗ ಮೈಸೂರಿನ ಪತ್ರಿಕೆಯೊಂದಕ್ಕೆ ಊರ ಸುದ್ದಿ ಬರೆಯುತ್ತಿದ್ದೆ, ಮಧ್ಯಾಹ್ನಗಳು ಬಿಡುವಾಗಿದ್ದವು. ಅಲ್ಲಿ ಕಲಿತ ನನ್ನ ಸ್ಪ್ಯಾನಿಷ್ ಇಂದಿಗೂ ಅಡಿಗೆಮನೆ, ಅಂಗಳ ದಾಟುವುದಿಲ್ಲ.

ಅಜ್ಜಿ ಮೋಟಾರಿನಿಂದ ಇಳಿದ ದಿನ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಅಜ್ಜಿ ಬಗ್ಗಿ ಮಗುವನ್ನು ಏನೋ ಕೇಳಿದರು. ಮಗು ಚುಟುಕಾಗಿ ಉತ್ತರಿಸಿತು. ಮತ್ತೆ ಕೇಳಿದರು, ಈ ಸಲ ಉತ್ತರ ಉದ್ದವಾಗಿತ್ತು. ತಾಯಿ ಅಲ್ಲೇ ಪೆಟ್ಟಿಗೆಯ ಮೇಲೆ ಕೂತು, ನಗುತ್ತಲೇ ಅತ್ತರು.

ಅಜ್ಜಿಯ ಮಾತಿನ ಬಿರುಸಿಗೆ ನಮಗೆ ಒಂದಕ್ಷರವೂ ಹತ್ತಲಿಲ್ಲ.

"ಏನಂತ್ಲಾ?" ಎಂದು ಅವ್ವ ನನ್ನನ್ನು ಕೇಳಿದಳು.

ಮಗು ತಿರುಗಿ ನೋಡಿತು. "ಮೋಟ್ರು ಕುಲುಕಿ ಸೊಂಟ ಇಡ್ಕೊಂಡದಂತೆ ಕಣ್ ದೊಡ್ಡವ್ವ. ಬಿಸ್ನೀರು ಬೇಕಂತೆ, ಬಿರ್ನೆ ಕಾಯ್ಸು."

ಅವ್ವ ಒಲೆ ಹಚ್ಚಲು ಹೋದಳು.