ಊರಿಗಾಂ ಮನೆಯ ಟೈಂಪೀಸು

1988ರ ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಬಂಗಾರಪೇಟೆ ರೈಲು ನಿಲ್ದಾಣದ ಮುಂದಿನಿಂದ ಚಿನ್ನದ ಗಣಿಯ ಊರಾದ ಊರಿಗಾಂವರೆಗೆ ಮಹಿಳೆಯರ ಸೈಕಲ್ ಟೈಮ್ ಟ್ರಯಲ್ ನಡೆಯಿತು. ಏಳು ಮಂದಿ ಹೊರಟರು. ಆರು ಮಂದಿ ಗುರಿ ಮುಟ್ಟಿದರು. ಒಬ್ಬಳ ಚೈನು ದಾರಿಯಲ್ಲಿ ತುಂಡಾಯಿತು. ಆರೂ ಮಂದಿಯ ಸಮಯ ತಪ್ಪಾಗಿ ದಾಖಲಾಯಿತು. ದಾಖಲಿಸಿದವನು ನಾನು.

ಆಗ ನಾನು ಒಂದು ಕನ್ನಡ ದಿನಪತ್ರಿಕೆಗೆ ಬಂಗಾರಪೇಟೆಯಿಂದ ಸುದ್ದಿ ಕಳಿಸುತ್ತಿದ್ದೆ. ಸ್ಪರ್ಧೆ ನಡೆಸಿದವರು ಅಲ್ಲಿನ ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು. ಅವರ ಹತ್ತಿರ ಹಣವೂ ಇರಲಿಲ್ಲ, ಜನವೂ ಇರಲಿಲ್ಲ. ‘ನಿನ್ ಕೈಬರಹ ಚೆನ್ನಾಗೈತೆ, ವಾಚೂ ಐತೆ. ಆ ಕಡೆ ನಿಂತು ಟೈಮ್ ಬರ್ಕೊಂಡ್ಬಿಡು’ ಎಂದಿದ್ದರು.

ಟೈಮ್ ಟ್ರಯಲ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಮಿಷಕ್ಕೊಬ್ಬರಂತೆ ಒಂಟಿಯಾಗಿ ಬಿಡುತ್ತಾರೆ. ಮುಂದೆ ಹೋಗುವವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಹೊರಟ ಗಳಿಗೆ ಮತ್ತು ಮುಟ್ಟಿದ ಗಳಿಗೆಯ ನಡುವಿನ ಅಂತರವೇ ಫಲಿತಾಂಶ. ಹೊರಡುವ ಕಡೆ ಒಂದು ಗಡಿಯಾರ, ಮುಟ್ಟುವ ಕಡೆ ಇನ್ನೊಂದು. ಎರಡೂ ಒಂದೇ ಸಮಯ ತೋರಿಸಬೇಕು. ಶನಿವಾರ ಸಂಜೆ ಮೇಷ್ಟ್ರು ಮತ್ತು ನಾನು ರೈಲು ನಿಲ್ದಾಣದ ಗಡಿಯಾರದ ಕೆಳಗೆ ನಿಂತು ಇಬ್ಬರ ವಾಚನ್ನೂ ಅದಕ್ಕೆ ಹೊಂದಿಸಿದ್ದೆವು.

ರಾಜ್ಯದ ಆಯ್ಕೆದಾರರು ಹೇಳಿದ್ದು ಒಂದೇ ಮಾತು. ಈ ದಾರಿಯನ್ನು ಮೂವತ್ತು ನಿಮಿಷದೊಳಗೆ ಮುಗಿಸಿದವರನ್ನು ಬೆಂಗಳೂರಿನ ತರಬೇತಿ ಶಿಬಿರಕ್ಕೆ ಕರೆಯುತ್ತೇವೆ. ಪಟ್ಟಿ ಶುಕ್ರವಾರದೊಳಗೆ ತಲುಪಬೇಕು. ಮೊದಲ ಸ್ಥಾನ ಯಾರಿಗೆ ಎಂಬುದು ಅವರಿಗೆ ಬೇಕಿರಲಿಲ್ಲ.

ಏಳು ಮಂದಿಯಲ್ಲಿ ಆ ಸಮಯಕ್ಕೆ ಮುಟ್ಟಬಲ್ಲವಳು ಒಬ್ಬಳೇ ಎಂದು ಮೇಷ್ಟ್ರು ಹೇಳುತ್ತಿದ್ದರು. ಬಂಗಾರಪೇಟೆ ಪಕ್ಕದ ಹಳ್ಳಿಯ ಹತ್ತೊಂಬತ್ತರ ಹುಡುಗಿ. ಮನೆಯಲ್ಲಿ ಮೂರು ಹಸು. ತಂದೆಯ ಸೊಂಟ ಕೆಟ್ಟ ಮೇಲೆ ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ಊರಿಗಾಂ, ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಹಾಕಿ ಬರುತ್ತಿದ್ದಳು. ಅದೇ ಸೈಕಲ್ಲಿನ ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡು ಬಿಚ್ಚಿ ಸ್ಪರ್ಧೆಗೆ ತಂದಿದ್ದಳು. ಅವಳ ತಾಯಿ ಕೂಲಿಗೆ ಹೋಗುವವರು. ಮಗಳಿಗೆ ಅವರು ಕೊಟ್ಟ ಗಡುವು ಒಂದು ವರ್ಷ. ‘ಈ ಸಲ ಕರೀಲಿಲ್ಲ ಅಂದ್ರೆ ಸೈಕಲ್ಲು ಹಾಲಿಗೆ ಮಾತ್ರ ಕಣಮ್ಮಿ. ಆಮೇಲೆ ನನ್ನನ್ನ ಕೇಳ್ಬೇಡ’ ಎಂದು ನನ್ನೆದುರಿಗೇ ಹೇಳಿದ್ದರು.

ಭಾನುವಾರ ಏಳು ಗಂಟೆಯ ಬಸ್ಸಿನಲ್ಲಿ ಊರಿಗಾಂ ಮುಟ್ಟಿದೆ. ಲೈನ್ ಮನೆಗಳ ಮುಂದೆ ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆದು ವಾಚು ನೋಡಿಕೊಂಡೆ. ಆರೂ ಇಪ್ಪತ್ತಕ್ಕೆ ನಿಂತಿತ್ತು. ಹಿಂದಿನ ರಾತ್ರಿ ಕೀ ಕೊಡಲು ಮರೆತಿದ್ದೆ.

ಮೊದಲನೆಯವಳು ಏಳೂವರೆಗೆ ಹೊರಡಬೇಕಿತ್ತು. ಗೆರೆಯ ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬ ಮುದುಕರು ಕಾಫಿ ಕುಡಿಯುತ್ತ ಕುಳಿತಿದ್ದರು. ಗಣಿಯಲ್ಲಿ ನೆಲದಡಿಯ ಕೆಲಸದಿಂದ ನಿವೃತ್ತರಾದವರು. ಸೆಕೆಂಡಿನ ಮುಳ್ಳಿರುವ ಗಡಿಯಾರ ಇದೆಯೇ ಎಂದು ಕೇಳಿದೆ.

‘ಇದೆಯಾ ಅಂತ ಕೇಳ್ತೀಯಾ ತಂಬಿ?’ ಎಂದು ಒಳಗೆ ಹೋಗಿ ದೊಡ್ಡ ಟೈಂಪೀಸು ತಂದು ಸ್ಟೂಲಿನ ಮೇಲಿಟ್ಟರು. ‘ಮೂವತ್ತೊಂದು ವರ್ಷ ಶಿಫ್ಟಿಗೆ ಹೋದೆ. ಒಂದು ದಿನ ಲೇಟಿಲ್ಲ. ಒಳಗೆ ಗೋಡೆ ಮೇಲೆ ಸರ್ಟಿಫಿಕೇಟ್ ಐತೆ, ಬೇಕಾದ್ರೆ ನೋಡು. ಎಲ್ಲಾ ಈ ಟೈಂಪೀಸಿನ ಪುಣ್ಯ.’

ನಾನು ಸರ್ಟಿಫಿಕೇಟನ್ನು ನಂಬಿದೆ.

ಆ ದಿನ ಗಾಳಿ ಪೂರ್ವದಿಂದ ಬೀಸುತ್ತಿತ್ತು, ಸೈಕಲ್ಲಿನವರಿಗೆ ಎದುರುಗಾಳಿ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಪುಡಿ ಎದ್ದು ರಸ್ತೆಯ ತಿರುವು ಮಸುಕಾಗಿತ್ತು. ಹಾಲಿನ ಹುಡುಗಿ ಎರಡನೆಯವಳಾಗಿ ಏಳು ಮೂವತ್ತೊಂದಕ್ಕೆ ಹೊರಟಿದ್ದಳು. ಎಲ್ಲರಿಗಿಂತ ಮೊದಲು ತಿರುವಿನಲ್ಲಿ ಕಂಡವಳು ಅವಳೇ. ಮೊಣಕೈ ಒಳಕ್ಕೆ ಸೇರಿಸಿ, ಗಲ್ಲ ಹ್ಯಾಂಡಲಿಗೆ ತಾಗುವಷ್ಟು ಬಗ್ಗಿದ್ದಳು. ಲೈನಿನ ಹೆಂಗಸರು ತಮ್ಮ ಹಾಲಿನ ಹುಡುಗಿಯ ಗುರುತು ಹಿಡಿದು ತಮಿಳು ಬೆರೆಸಿ ಕೂಗಿದರು.

‘ಅಯ್ಯೋ, ನಮ್ಮ ಪಾಲ್ಕಾರ ಪೊಣ್ಣು ಕಣೇ!’

‘ಹಾಲೆಲ್ಲೇ? ಕ್ಯಾನು ಬಿಟ್ಟು ಬಂದ್ಬಿಟ್ಟಾ?’

ಅವಳು ಗೆರೆ ದಾಟಿದಾಗ ಟೈಂಪೀಸು ಎಂಟು ಗಂಟೆ ಎರಡು ನಿಮಿಷ ನಲವತ್ತು ಸೆಕೆಂಡ್ ತೋರಿಸುತ್ತಿತ್ತು. ಕಳೆದು ಬರೆದೆ: ಮೂವತ್ತೊಂದು ನಿಮಿಷ ನಲವತ್ತು ಸೆಕೆಂಡ್. ಬರೆಯುತ್ತಿರುವಾಗಲೇ ಗಣಿಯ ಸಂಗು ಕೂಗಿತು. ಅಲ್ಲಿನವರು ಸೈರನ್ನಿಗೆ ಸಂಗು ಎನ್ನುತ್ತಾರೆ. ಅದು ಎಂಟು ಗಂಟೆಯ ಸಂಗು. ಮುದುಕರು ಟೈಂಪೀಸಿಗೆ ಬೆರಳು ತೋರಿಸಿದರು.

‘ನೋಡು ತಂಬಿ, ಎಂಟೂ ಮೂರು. ಇವತ್ತೂ ಮೂರು ನಿಮಿಷ ಲೇಟು. ಸಂಗು ಊದೋನಿಗೆ ಏಳೋಕೇ ಆಗಲ್ಲ. ನನ್ ಸರ್ವೀಸ್ ಪೂರ್ತಿ ಇದೇ ಕಥೆ.’

ನಾನು ನಕ್ಕು ಮುಂದಿನವಳ ದಾರಿ ನೋಡಿದೆ.

ಮಧ್ಯಾಹ್ನ ಮೇಷ್ಟ್ರು ಹಾಳೆಗೆ ಸಹಿ ಹಾಕಿದರು. ಹಾಲಿನ ಹುಡುಗಿ ಪ್ರಥಮ. ಆದರೆ ಮೂವತ್ತರ ಒಳಗೆ ಯಾರೂ ಇಲ್ಲ. ಅವಳು ಹಾಳೆಯನ್ನು ಎರಡು ಸಲ ಓದಿ, ಬಿಚ್ಚಿಟ್ಟಿದ್ದ ಕ್ಯಾರಿಯರನ್ನು ಅಲ್ಲೇ ಕೂತು ಸೈಕಲ್ಲಿಗೆ ಜೋಡಿಸಿಕೊಂಡಳು. ನಾನು ಸುದ್ದಿ ಕಳಿಸಿದೆ. ಸೋಮವಾರ ಅಚ್ಚಾಯಿತು.

ಸೋಮವಾರ ಹತ್ತು ಗಂಟೆಗೆ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ನಾನೂ ಮೇಷ್ಟ್ರೂ ಕುಳಿತಿದ್ದಾಗ ಅವಳು ಖಾಲಿ ಕ್ಯಾನುಗಳ ಜೊತೆ ಬಂದಳು. ಸೈಕಲ್ ಒರಗಿಸಿ ನೇರ ನನ್ನ ಮುಂದೆ ನಿಂತಳು.

‘ಅಣ್ಣಾ, ಒಂದು ಕೇಳ್ತೀನಿ. ನಾನು ಗೆರೆ ದಾಟಿ ಕಾಲು ನೆಲಕ್ಕಿಟ್ಟ ಮೇಲೆ ಎಂಟರ ಸಂಗು ಕೂಗ್ತು. ಔದಾ, ಇಲ್ವಾ?’

‘ಹೌದು.’

‘ಏಳೂ ಮೂವತ್ತೊಂದಕ್ಕೆ ಬಿಟ್ಟಿದ್ದು ಮೇಷ್ಟ್ರು. ಎಂಟಕ್ಕೆ ಮುಂಚೆ ಬಂದಿದೀನಿ. ಮೂವತ್ತೊಂದು ನಿಮಿಷ ಎಂಗಾಯ್ತದೆ?’

‘ಸಂಗು ಮೂರು ನಿಮಿಷ ಲೇಟಂತೆ’ ಎಂದೆ.

‘ಯಾರಂದಿದ್ದು? ನಾಲ್ಕು ವರ್ಷದಿಂದ ಆ ಸಂಗು ಕೇಳ್ಕೊಂಡು ಹಾಲು ಆಕ್ತೀನಿ. ರೈಲ್ ಟೇಸನ್ ಗಡಿಯಾರಕ್ಕೂ ಅದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ ಕಣಣ್ಣಾ.’

ಮೇಷ್ಟ್ರು ನನ್ನ ಮುಖ ನೋಡಿದರು. ‘ನಿನ್ ವಾಚ್ ತಾನೇ ನೋಡಿದ್ದು?’

ವಾಚು ನಿಂತಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಈಗ ಹೇಳಿದೆ. ಅವರು ಗ್ಲಾಸನ್ನು ಬೆಂಚಿನ ಮೇಲಿಟ್ಟರು. ‘ಥೂ ನಿನ್ನ. ಒಂದು ಕೀ ಕೊಡಕ್ಕಾಗಲಿಲ್ವೇನಯ್ಯಾ?’ ಎಂದರು. ಹುಡುಗಿ ಬಯ್ಯಲಿಲ್ಲ. ‘ನಾಳೆ ಬತ್ತೀರಾ ಇಬ್ರೂ? ನಾನು ಅಲ್ಲೇ ಇರ್ತೀನಿ’ ಎಂದಷ್ಟೇ ಹೇಳಿ ಹೊರಟಳು.

ಮಂಗಳವಾರ ವಾಚಿಗೆ ಕೀ ಕೊಟ್ಟು, ನಿಲ್ದಾಣದ ಗಡಿಯಾರಕ್ಕೆ ಹೊಂದಿಸಿ, ಮೇಷ್ಟ್ರ ಸ್ಕೂಟರಿನ ಹಿಂದೆ ಕುಳಿತು ಊರಿಗಾಂಗೆ ಹೋದೆ. ಅದೇ ಜಗಲಿ, ಅದೇ ಸ್ಟೂಲು. ಸಂಗು ಕೂಗಿದಾಗ ನನ್ನ ವಾಚಿನಲ್ಲಿ ಸರಿಯಾಗಿ ಎಂಟು. ಮೇಷ್ಟ್ರ ವಾಚಿನಲ್ಲೂ ಎಂಟು. ಟೈಂಪೀಸಿನಲ್ಲಿ ಎಂಟೂ ಮೂರು.

ಮುದುಕರು ಒಪ್ಪಲಿಲ್ಲ. ‘ನಿಮ್ಮ ವಾಚೂ ಆ ಸಂಗೂ ಅಣ್ಣತಮ್ಮಂದಿರು. ನನ್ ಟೈಂಪೀಸು ತಪ್ಪಿದ್ರೆ ನಾನು ಮೂವತ್ತೊಂದು ವರ್ಷ ಹೆಂಗೆ ಸರಿಯಾಗಿ ಹೋದೆ, ಹೇಳಿ?’

ಮೇಷ್ಟ್ರ ತೊಂದರೆ ಬೇರೆ ಇತ್ತು. ‘ಇವತ್ತು ಮೂರು ನಿಮಿಷ ಮುಂದೈತೆ, ಸರಿ. ಭಾನುವಾರ ಸಂಗೇ ಒಂದೆರಡು ನಿಮಿಷ ಲೇಟಾಗಿ ಕೂಗಿದ್ರೆ? ಆಗ ಟೈಂಪೀಸು ಎಷ್ಟು ಮುಂದಿತ್ತು? ಒಂದಿತ್ತೋ ಎರಡಿತ್ತೋ? ಎರಡು ಕಳೆದ್ರೆ ಇಪ್ಪತ್ತೊಂಬತ್ತೂ ಚಿಲ್ಲರೆ. ಒಂದು ಕಳೆದ್ರೆ ಮೂವತ್ತರ ಮೇಲೆ. ಅಂದಾಜಿನ ಮೇಲೆ ನಾನು ಸಹಿ ಆಕಲ್ಲ.’ ಅವರು ಹೇಳಿದ್ದು ಸರಿ. ಅಂದಾಜನ್ನು ನಾನೂ ಬರೆಯುವಂತಿರಲಿಲ್ಲ.

ಹುಡುಗಿ ಬಾಗಿಲ ಬಳಿ ಹಾಲು ಅಳೆದು ಸುರಿಯುತ್ತಿದ್ದಳು. ಮುದುಕರ ಹೆಂಡತಿ ಪಾತ್ರೆ ಹಿಡಿದು ನಿಂತಿದ್ದರು.

‘ಏನು ಪಾಪಾ, ಈ ಗಡಿಯಾರದಿಂದ ನಿನ್ನ ಕರೀಲಿಲ್ವಾ?’ ಎಂದು ಹುಡುಗಿಯನ್ನು ಕೇಳಿದರು.

‘ಔದವ್ವಾ. ಶುಕ್ರವಾರ ಕಡೆ ದಿನ.’

ಆಕೆ ಪಾತ್ರೆ ಒಳಗಿಟ್ಟು ಬಂದರು. ಗಂಡನ ಕಡೆ ನೋಡಲಿಲ್ಲ, ಮೇಷ್ಟ್ರಿಗೆ ಹೇಳಿದರು.

‘ಮೂರೇ ಸಾರ್. ಭಾನುವಾರಾನೂ ಮೂರೇ. ದಿನಾ ಎಂಟರ ಸಂಗು ಕೂಗಿದ ಮೇಲೆ ನಾನೇ ಮುಳ್ಳನ್ನ ಎಂಟೂ ಮೂರಕ್ಕೆ ತಂದಿಡೋದು. ಶನಿವಾರಾನೂ ಇಟ್ಟೆ.’

ಮುದುಕರು ಹೆಂಡತಿಯ ಕಡೆ ತಿರುಗಿದರು.

‘ನೀನಾ?’ ಎಂದರು.

‘ಮದುವೆಯಾದ ಹೊಸದರಲ್ಲಿ ಒಂದು ದಿನ ಕೆಲಸಕ್ಕೆ ಓಡಿಓಡಿ ಹೊರಟ್ರಿ. ಗಡಿಯಾರ ಇನ್ನೂ ಟೈಮ್ ಐತೆ ಅಂತಿತ್ತು. ಅರ್ಧ ದಾರಿಲಿ ಸಂಗು ಕೂಗಿ, ಬಿದ್ದು ಮೊಣಕಾಲು ಒಡ್ಕೊಂಡು, ಹೆಂಗೋ ಗೇಟು ಮುಚ್ಚೋಕೆ ಮುಂಚೆ ಸೇರ್ಕೊಂಡ್ರಿ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಮಾರನೇ ದಿನದಿಂದ ಮೂರು ನಿಮಿಷ ಮುಂದಿಟ್ಟೆ. ಹೇಳಿದ್ರೆ ನೀವು ಮನಸ್ಸಲ್ಲೇ ಆ ಮೂರು ಕಳೆದ್ಕೊಂಡು ನಿಧಾನ ಮಾಡ್ತೀರಿ. ಅದಕ್ಕೇ ಹೇಳಲಿಲ್ಲ.’

ಲೈನಿನಲ್ಲಿ ಹಲವು ಹೆಂಗಸರು ಹೀಗೆ ಮಾಡುತ್ತಾರೆ ಎಂದು ಪಕ್ಕದ ಮನೆಯಾಕೆ ಆಮೇಲೆ ನನಗೆ ಹೇಳಿದರು. ಅವರ ಮನೆಯದು ಐದು ನಿಮಿಷ ಮುಂದಿತ್ತು.

ಮುದುಕರು ಟೈಂಪೀಸನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ, ‘ಹಂಗಾದ್ರೆ ಮೂವತ್ತೊಂದು ವರ್ಷ ಆ ಸಂಗು ಊದೋನ್ನ ಸುಮ್ನೆ ಬೈದೆನಾ?’ ಎಂದರು. ‘ಎದುರೆದುರೇ ಬೈದಿದೀನಿ. ಕೋರಮಂಡಲ್ ಮಾರ್ಕೆಟ್‌ನಲ್ಲಿ ನಿಲ್ಲಿಸ್ಕೊಂಡು. ಪಾಪ, ಅವನು ಹಲ್ಲು ಬಿಟ್ಕೊಂಡು ಹೋಗೋನು.’

‘ಈಗ ಏನು ಬರೀಬೇಕು, ಕೊಡಿ’ ಎಂದು ನನ್ನತ್ತ ಕೈ ಚಾಚಿದರು. ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟೆ. ತಮ್ಮ ಮನೆಯ ಟೈಂಪೀಸು ಭಾನುವಾರ ಗಣಿಯ ಸಂಗಿಗಿಂತ ಮೂರು ನಿಮಿಷ ಮುಂದಿತ್ತು, ಹಾಗೆ ಇಟ್ಟವರು ತಮ್ಮ ಹೆಂಡತಿ ಎಂದು ಬರೆದು ಸಹಿ ಮಾಡಿದರು. ಕೆಳಗೆ ಆಕೆ ಹೆಬ್ಬೆಟ್ಟು ಒತ್ತಿದರು. ಹುಡುಗಿ ಅದನ್ನು ನೋಡುತ್ತ ನಿಂತಿದ್ದಳು. ಆಕೆಯೇ ಅವಳನ್ನು ಗದರಿದರು: ‘ಹೋಗು ಪಾಪಾ, ಹಾಲು ಒಡೆದೋಗುತ್ತೆ. ಇನ್ನೂ ಎಷ್ಟು ಮನೆ ಇದೆ.’

ಆರೂ ಮಂದಿಯ ಸಮಯದಿಂದ ಮೂರು ನಿಮಿಷ ಕಳೆದು ಹೊಸ ಹಾಳೆ ಮಾಡಿದೆವು. ಅವಳದು ಇಪ್ಪತ್ತೆಂಟು ನಿಮಿಷ ನಲವತ್ತು ಸೆಕೆಂಡ್. ಉಳಿದವರು ಆಗಲೂ ಮೂವತ್ತರ ಮೇಲೆಯೇ ಇದ್ದರು. ನನ್ನ ವಾಚು ನಿಂತಿದ್ದನ್ನೂ ಸೇರಿಸಿ ನಡೆದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದೆ. ಬುಧವಾರ ಮೇಷ್ಟ್ರು ಅದನ್ನು ತಾವೇ ಬೆಂಗಳೂರಿಗೆ ಒಯ್ದರು. ಗುರುವಾರ ಪತ್ರಿಕೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಅದು ನನ್ನ ಮೊದಲ ತಿದ್ದುಪಡಿ.

ಆಯ್ಕೆದಾರರು ಪೂರ್ತಿ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಶಿಬಿರದ ಮೊದಲ ದಿನ ತಮ್ಮೆದುರು ಇನ್ನೊಮ್ಮೆ ಓಡಿಸಲಿ, ಆಮೇಲೆ ನೋಡೋಣ ಎಂದರು. ಶುಕ್ರವಾರ ಸಂಜೆ ಮೇಷ್ಟ್ರು ಹಳ್ಳಿಗೆ ಹೋಗಿ ವಿಷಯ ತಿಳಿಸಿದಾಗ ನಾನೂ ಇದ್ದೆ. ತಾಯಿ ಕೇಳಿದ್ದು, ‘ಹಾಲು ಯಾರು ಆಕ್ತಾರೆ?’ ಎಂದು. ಅದಕ್ಕೆ ತಾವೇ ಉತ್ತರವನ್ನೂ ಹೇಳಿದರು: ‘ರೈಲಲ್ಲಿ ನಾನೇ ಒಯ್ತೀನಿ ಬಿಡು.’ ಶಿಬಿರದ ದಿನಗಳಲ್ಲಿ ಅವರು ಊರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಕ್ಯಾನುಗಳನ್ನು ಒಯ್ದರು.

ಹುಡುಗಿ ಬೆಂಗಳೂರಿನಲ್ಲಿ ಓಡಿಸಿದಳು, ಶಿಬಿರದಲ್ಲಿ ಉಳಿಸಿಕೊಂಡರು. ರಾಜ್ಯದ ಪರವಾಗಿ ಮೂರು ವರ್ಷ ಟೈಮ್ ಟ್ರಯಲ್‌ಗೆ ಇಳಿದಳು. ರಾಷ್ಟ್ರಮಟ್ಟದಲ್ಲಿ ಅವಳ ಅತ್ಯುತ್ತಮ ಸ್ಥಾನ ಐದನೆಯದು. ಹೊರದೇಶಕ್ಕೆ ಹೋಗಲಿಲ್ಲ. ಆಮೇಲೆ ಕೋಲಾರದಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು.

1994ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ವೈಯಕ್ತಿಕ ಟೈಮ್ ಟ್ರಯಲ್ ಮೊದಲ ಬಾರಿಗೆ ನಡೆಯಿತು. ಆಗ ನಾನು ಬೆಂಗಳೂರಿನ ಕಚೇರಿಯಲ್ಲಿದ್ದೆ. ಸುದ್ದಿಸಂಸ್ಥೆಯಿಂದ ಬಂದ ವರದಿಯನ್ನು ಜಾಗಕ್ಕೆ ತಕ್ಕಂತೆ ನಾಲ್ಕು ಸಾಲಿಗೆ ಇಳಿಸಿ ಹಾಕಿದೆ. ಆ ತುಣುಕನ್ನು ಕತ್ತರಿಸಿ ಅವಳಿಗೆ ಅಂಚೆಯಲ್ಲಿ ಕಳಿಸಿದೆ. ಎರಡು ವಾರದ ಮೇಲೆ ಕಾರ್ಡು ಬಂತು. ಅದರಲ್ಲಿ ಒಂದೇ ಪ್ರಶ್ನೆ ಇತ್ತು: ‘ಅಣ್ಣಾ, ಅಲ್ಲಿ ಗಡಿಯಾರ ಯಾರ ಮನೆಯದು?’

1996ರ ಡಿಸೆಂಬರಿನಲ್ಲಿ ಅದೇ ರಸ್ತೆಯಲ್ಲಿ ಮತ್ತೆ ಮಹಿಳೆಯರ ಟೈಮ್ ಟ್ರಯಲ್ ನಡೆಯಿತು. ನಾನು ವರದಿಗೆ ಹೋಗಿದ್ದೆ. ಮೇಷ್ಟ್ರು ನಿವೃತ್ತರಾಗಿದ್ದರು, ಆದರೂ ಬಂಗಾರಪೇಟೆಯಲ್ಲಿ ಬಾವುಟ ಬೀಸಿದವರು ಅವರೇ. ಊರಿಗಾಂನಲ್ಲಿ ಸಮಯ ಬರೆದುಕೊಂಡವಳು ಹಾಲಿನ ಹುಡುಗಿ. ಅವಳ ಕೊರಳಲ್ಲಿ ಎರಡು ಸ್ಟಾಪ್‌ವಾಚ್ ಇದ್ದವು. ಜಗಲಿಯ ಮುದುಕರು ಟೈಂಪೀಸು ತಂದು ಸ್ಟೂಲಿನ ಮೇಲಿಟ್ಟರು. ಎಂಟರ ಸಂಗು ಕೂಗಿದಾಗ ಅದು ಎಂಟೂ ಮೂರು ತೋರಿಸುತ್ತಿತ್ತು. ಒಂಬತ್ತು ಮಂದಿ ಹೊರಟರು, ಒಂಬತ್ತು ಮಂದಿಯೂ ಮುಟ್ಟಿದರು. ಮೊದಲು ಬಂದವಳ ಸಮಯ ಇಪ್ಪತ್ತೇಳು ನಿಮಿಷ ಐವತ್ತು ಸೆಕೆಂಡ್.