ಬೀರು ಹೊರುವವರು ಸುತ್ತಿಗೆಯ ಎದುರು ನಿಂತದ್ದು

ನಮ್ಮ ಯಜಮಾನರಿಗೆ ಜನ ಇಟ್ಟ ಹೆಸರು 'ಬೀರು'. ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವರ ಕಸುಬು. ಎಂಥ ಇಕ್ಕಟ್ಟಿನ ಮೆಟ್ಟಿಲಾದರೂ ಗೋಡೆಗೆ ಒಂದು ಗೀರು ಬೀಳದ ಹಾಗೆ ಕಬ್ಬಿಣದ ಬೀರು ಏರಿಸುತ್ತಿದ್ದರು. ಸಂಜೆ ಮುಖ ತೊಳೆದು ಬಾಕ್ಸಿಂಗ್ ಕ್ಲಬ್ಬಿಗೆ ಹೊರಡುವರು.

"ಇದೆಂಥ ಚಟ ರೀ, ದಿನವೆಲ್ಲ ದುಡಿದು ಸಂಜೆ ಹೋಗಿ ಒದೆ ತಿನ್ನೋದು?" ಎಂದರೆ, "ಹಗಲು ಬೀರು ಮೈಮೇಲೆ ಬಿದ್ರೆ ತಿರುಗಿ ಹೊಡೆಯೋಕಾಗಲ್ಲ ಕಣೇ. ಸಂಜೆನಾದ್ರೂ ಹೊಡೀಬಹುದಲ್ಲ" ಎನ್ನುವರು.

ಹೊರುವವರಲ್ಲಿ ಒಂದು ಕಟ್ಟಳೆಯಿದೆ. ಕೆಳಗಿನಿಂದ ಹೊತ್ತವನಿಗೆ ಮೂಗಿನ ಮುಂದಿನ ತಗಡು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೇಲಿದ್ದವನು ನೋಡಿಕೊಂಡು ಕೂಗಬೇಕು, ಬಲಕ್ಕೆ, ಎಡಕ್ಕೆ, ವಾಲಿಸು ಅಂತ. ಮೇಲಿನ ದನಿ ನಿಂತಿತೋ, ಕೆಳಗಿನವನು ಇದ್ದಲ್ಲೇ ನಿಲ್ಲಬೇಕು. ಬೆನ್ನು ಮುರಿದರೂ ಕದಲಕೂಡದು. ಇವರ ಜೊತೆಗಾರ ಕುಳ್ಳ ಕುಡಿದು ಬಿದ್ದ ದಿನ ಕೂಗುವುದಕ್ಕೆ ನಾನೇ ಹೋಗುತ್ತಿದ್ದೆ. "ನಿನ್ನ ಬಾಯಿಗೂ ಒಂದು ಕೆಲಸ ಸಿಕ್ತು ನೋಡು" ಎಂದು ಬೀರಿನ ಹಿಂದಿನಿಂದ ನಗುವರು.

ನಲವತ್ತರ ಹತ್ತಿರ ಬಂದಾಗ ಮಂಡಿ ಸವೆಯಿತು. ಅದೇ ವರ್ಷ ಕ್ಲಬ್ಬಿನಲ್ಲಿ ತಿಂದ ಒಂದು ಏಟಿಗೆ ಎಡಗಣ್ಣಿನ ಒಳಪರದೆ ಹರಿಯಿತು. ಡಾಕ್ಟರು ಹೇಗೋ ಅದನ್ನು ಕೂರಿಸಿ, "ಈ ಕಣ್ಣಿಗೆ ಇನ್ನೊಂದು ಬಲವಾದ ಏಟು ಬಿತ್ತೋ, ಆಮೇಲೆ ನನ್ನ ಹತ್ರ ಬರಬೇಡಿ. ಮಾಡೋಕೆ ಏನೂ ಉಳಿದಿರಲ್ಲ" ಎಂದರು. ಬಲಗಣ್ಣು ಹುಟ್ಟಿನಿಂದಲೇ ಮಂದ. ಬಾಗಿಲೋ ಗೋಡೆಯೋ ಎನ್ನುವಷ್ಟೇ ಕಾಣುತ್ತಿದ್ದದ್ದು. ಎಡಗಣ್ಣು ಹೋದರೆ ಮನುಷ್ಯನೇ ಕತ್ತಲೆಗೆ ಬಿದ್ದ ಹಾಗೆ.

ಹೀಗಿರುವಾಗ ಕ್ಲಬ್ಬಿನ ಮುದಿ ಮೇಷ್ಟ್ರು ಮನೆಗೆ ಬಂದರು. ಪಕ್ಕದ ಪೇಟೆಯಲ್ಲಿ ಒಬ್ಬ ದೈತ್ಯನಿದ್ದ, 'ಸುತ್ತಿಗೆ' ಅನ್ನುತ್ತಿದ್ದರು. ವಯಸ್ಸಿನಲ್ಲಿ ಇವರಿಗಿಂತ ತೀರಾ ಚಿಕ್ಕವನು, ಕೈ ಬೀಸಿದ್ದು ಕಣ್ಣಿಗೆ ಕಾಣದಷ್ಟು ಚುರುಕು. ಅವನ ಬಲಗೈ ಏಟಿಗೆ ಎದುರಾಳಿಗಳು ಮೊದಲ ಸುತ್ತಿನಲ್ಲೇ ಮಲಗುತ್ತಿದ್ದರು. ಅವನೆದುರು ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ.

"ಗೆಲ್ಲು ಅನ್ನಲ್ಲಪ್ಪ" ಎಂದರು ಮೇಷ್ಟ್ರು. "ಆರು ಸುತ್ತು ಮುಗಿಯೋವರೆಗೂ ಕಾಲ ಮೇಲೆ ನಿಂತಿರು, ಸಾಕು. ನಾನು ಬಿಡೋ ಜಾಗ ನಿಂಗೇ. ಹುಡುಗರಿಗೆ ಹೇಳಿಕೊಡೋ ಕೆಲಸ. ಇನ್ನು ಬೀರು ಹೊರೋದು ಬೇಡ."

ಅವರು ಹೋದ ಮೇಲೆ ನಾನು ಕೂಗಾಡಿದೆ. "ಮಂಡಿ ಉಳಿಸ್ಕೊಳ್ಳೋಕೆ ಹೋಗಿ ಕಣ್ಣು ಕಳ್ಕೊಳ್ತೀರಾ?"

ಇವರು ನನ್ನನ್ನು ಎಬ್ಬಿಸಿ ಒಲೆಯ ಪಕ್ಕದ ಗೋಡೆಗೆ ನಿಲ್ಲಿಸಿದರು. "ಹೊಡಿ ನನ್ನ" ಎಂದರು. ಕೈ ಎತ್ತುವಷ್ಟರಲ್ಲಿ ಹೆಗಲು ಕೊಟ್ಟು ನನ್ನೆದೆಗೆ ತಲೆ ಒತ್ತಿ ನಿಂತುಬಿಟ್ಟರು. ಬೀಸಲು ನನಗೆ ಜಾಗವೇ ಇಲ್ಲ.

"ನೋಡು, ಬಾಗಿಲು ತೆರೆಯೋಕೆ ಜಾಗ ಬೇಕು. ಏಟಿಗೂ ಹಂಗೇ. ದೂರ ನಿಂತ್ರೆ ಬೀರು ಮೇಲೆ ಬೀಳುತ್ತೆ, ಅಂಟಿಕೊಂಡ್ರೆ ಬೀಳಲ್ಲ. ನನ್ನ ಭಾರನೆಲ್ಲ ಅವನ ಮೇಲೆ ಹಾಕ್ತೀನಿ. ಅವನಿಗೆ ಹೊಡೆದು ಗೊತ್ತು, ಹೊತ್ತು ಗೊತ್ತಿಲ್ಲ. ಈ ಕಣ್ಣು ಅವನೆದೆಗೆ ಒತ್ತಿಕೊಂಡು ಭದ್ರವಾಗಿರುತ್ತೆ. ಆದ್ರೆ ನಂಗೇನೂ ಕಾಣಲ್ಲ. ನೀನು ಮುಂದಿನ ಸಾಲಲ್ಲಿ ಕೂತು ಕೂಗಬೇಕು, ಅವನು ಎತ್ತ ಜಾರ್ತಾನೆ ಅಂತ."

"ಅವನೂ ಕಿವುಡ ಅಲ್ವಲ್ಲ. ನನ್ನ ಕೂಗು ಅವನಿಗೆ ಅರ್ಥ ಆದ್ರೆ?"

"ಆಗ ಬಾಯಿ ಮುಚ್ಚಿಬಿಡು. ನಾನು ಕದಲದೆ ನಿಲ್ತೀನಿ."

"ಹಿಂದಲೆಗೆ ಗುದ್ದಿದ್ರೆ?"

"ತಲೆ ಹಿಂದೆ ಕಣ್ಣಿಲ್ವಲ್ಲ ಕಣೇ" ಎಂದು ನಕ್ಕರು.

ಪಂದ್ಯ ನಡೆದದ್ದು ಒಂದು ಹಳೆಯ ಗೋದಾಮಿನಲ್ಲಿ. ಬೀಡಿ ಹೊಗೆ, ಬೆವರು, ತಗಡಿನ ಕುರ್ಚಿಗಳು. ಇಬ್ಬರನ್ನೂ ಎದುರುಬದುರು ನಿಲ್ಲಿಸಿದಾಗ ಜನ ಗೊಳ್ಳೆಂದರು. ಇವರ ತಲೆ ಅವನ ಗದ್ದಕ್ಕೂ ಬರುತ್ತಿರಲಿಲ್ಲ.

ಗಂಟೆ ಹೊಡೆಯಿತು. ಇವರು ತಲೆ ತಗ್ಗಿಸಿ ನೆಟ್ಟಗೆ ಅವನ ಎದೆಯೊಳಗೆ ಹೊಕ್ಕರು. ನಾನು ಕೂಗಿದೆ, "ಬಲಕ್ಕೆ! ಎಡಕ್ಕೆ! ಒಳಗೆ, ಒಳಗೆ!" ಅವನು ಎತ್ತ ಜಾರಿದರೂ ಇವರು ಅತ್ತಲೇ ಅಂಟಿಕೊಂಡರು. ರೆಫ್ರಿ ಬಿಡಿಸುವನು, ಇವರು ಮತ್ತೆ ಹೊಗುವರು.

"ಏ ಬೀರು, ಬಾಕ್ಸಿಂಗಿಗೆ ಬಂದ್ಯೋ, ತಬ್ಕೊಳ್ಳೋಕೆ ಬಂದ್ಯೋ?" ಎಂದು ಹಿಂದಿನಿಂದ ಒಬ್ಬ ಕೂಗಿದ. "ಹೆಂಡ್ತಿ ಮಾತು ಕೇಳೋ ಗಂಡಸು ನೋಡ್ರಪ್ಪೋ!" ಎಂದ ಇನ್ನೊಬ್ಬ. ನಾನು ತಿರುಗಿ ನೋಡದೆ, "ನೀನೂ ಕೇಳಿದ್ರೆ ಉದ್ಧಾರ ಆಗ್ತಿದ್ದೆ" ಎಂದೆ. ಮೂರನೆಯ ಸುತ್ತಿನ ಹೊತ್ತಿಗೆ ಸುತ್ತಿಗೆ ಬಾಯಿಂದ ಉಸಿರು ಬಿಡುತ್ತಿದ್ದ.

ನಾಲ್ಕನೆಯದರಲ್ಲಿ ಅವನಿಗೆ ಗುಟ್ಟು ಸಿಕ್ಕಿತು. ಎಡಕ್ಕೆ ಜಾರುವವನ ಹಾಗೆ ಮೈ ತಿರುಗಿಸಿದ. "ಎಡಕ್ಕೆ" ಎಂದು ಕೂಗಿದೆ. ಇವರು ಎಡಕ್ಕೆ ಹೊರಳುವಷ್ಟರಲ್ಲಿ ಅವನು ಹಿಂದೆ ಸರಿದು ಬಲಗೈ ಬೀಸಿದ. ಎಡಹುಬ್ಬು ಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತು. ಏಟು ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗಿತ್ತು. ಸುತ್ತಿಗೆ ನನ್ನ ಕಡೆ ನೋಡಿ ನಕ್ಕ. ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತಿದ್ದ.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಇವರು ಅವನೆದೆಗೆ ತಲೆಯೂರಿ ನಿಂತರು. ಆಮೇಲೆ ಕದಲಲಿಲ್ಲ. ಬಿಡಿಸಿದರೂ ಒಂದೇ ಹೆಜ್ಜೆ, ಮತ್ತೆ ಅದೇ ಎದೆ. ಮುಂದೆ ಹೊಡೆಯಲು ಜಾಗ ಸಿಗದೆ ಸುತ್ತಿಗೆ ಮೇಲಿನಿಂದ ಹಿಂದಲೆಗೆ, ಕತ್ತಿನ ಬುಡಕ್ಕೆ ಗುದ್ದಿದ. ಅದು ತಪ್ಪು ಎಂದು ರೆಫ್ರಿ ಒಂದೆರಡು ಸಲ ಗದರಿ, ಕೊನೆಗೆ ಅವನೂ ಬೇಸತ್ತು ಸುಮ್ಮನಾದ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಕೂಗಿದರೆ ಇವರು ಸರಿಯುವರು, ತಲೆ ಉಳಿಯುವುದು, ಕಣ್ಣು ಹೋಗುವುದು. ಕೂಗದಿದ್ದರೆ ಕಣ್ಣು ಉಳಿಯುವುದು. ಇಬ್ಬರೂ ಮೊದಲೇ ಮಾತಾಡಿಕೊಂಡ ಹಾಗೆ ನಾನು ಸುಮ್ಮನಿದ್ದೆ, ಅವರು ನಿಂತಿದ್ದರು.

ಕೊನೆಯ ಗಂಟೆಗೂ ನಿಂತೇ ಇದ್ದರು. ಅಂಕದ ಮೇಲೆ ಗೆದ್ದವನು ಸುತ್ತಿಗೆಯೇ. ಆದರೆ ಅವನು ಹಗ್ಗ ಹಿಡಿದು ಕುಸಿದು ಕೂತಿದ್ದ. "ಅಕ್ಕಾ, ಏನಕ್ಕ ಈ ಮನುಷ್ಯ? ಗೋಡೆ ಹೊತ್ಕೊಂಡು ತಿರುಗಿದಂಗಾಯ್ತು" ಎಂದ.

ಮನೆಗೆ ಬಂದಾಗ ಇವರು ಕೆಳಗಿನ ಮೆಟ್ಟಿಲಲ್ಲಿ ನಿಂತು, "ನಮ್ಮನೆ ಎಷ್ಟನೇ ಅಂತಸ್ತು?" ಎಂದು ಕೇಳಿದರು. ತಮಾಷೆ ಎಂದುಕೊಂಡು ನಾನು ನಕ್ಕೆ.

ಮೇಷ್ಟ್ರ ಜಾಗ ಸಿಕ್ಕಿತು. ಕೆಲವು ವರ್ಷ ಚೆನ್ನಾಗಿಯೇ ಮಾಡಿದರು. ಹುಡುಗರ ಕೈಲಿ ಕ್ಲಬ್ಬಿನ ಬೆಂಚು, ಮರಳಿನ ಚೀಲಗಳನ್ನೆಲ್ಲ ಮಹಡಿಗೆ ಹೊರಿಸುವರು. "ಮೇಲಿಂದ ದನಿ ಬಂದ್ರೆ ಮಾತ್ರ ಹೆಜ್ಜೆ ಕಣ್ರೋ. ದನಿ ನಿಂತ್ರೆ ನಿಲ್ಲಿ" ಎನ್ನುವರು. ಆಮೇಲೆ ಹುಡುಗರ ಹೆಸರು ಮರೆತುಹೋದವು. ಕ್ಲಬ್ಬಿನ ದಾರಿ ಮರೆತುಹೋಯಿತು. ನನ್ನನ್ನು ಕುಳ್ಳ ಎಂದು ಕರೆಯತೊಡಗಿದರು, ಬೇಗ ಬಾರೋ, ಬೀರು ಜಾರ್ತಿದೆ ಎಂದು.

ಆ ಏಟುಗಳಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. "ಎಷ್ಟೋ ವರ್ಷದ ಏಟಮ್ಮ, ಆ ಒಂದೇ ದಿನದ್ದು ಅಂತ ಹೇಗೆ ಹೇಳಲಿ?" ಎಂದರು. ಅವರು ಆ ಸದ್ದು ಕೇಳಿಲ್ಲ.

ಕಣ್ಣು ಮಾತ್ರ ಕೊನೆಯವರೆಗೂ ಚುರುಕಾಗಿತ್ತು. ನನಗೆ ಕಾಣದ ಸೂಜಿಗೆ ಅವರೇ ದಾರ ಪೋಣಿಸುವರು. ಪೋಣಿಸಿದ ಮೇಲೆ ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂರುವರು. ಹಾಸಿಗೆಯಿಂದ ಎಬ್ಬಿಸಲು ನಾನು ಬಗ್ಗಿದರೆ ನನ್ನೆದೆಗೆ ತಲೆಯೊತ್ತಿ ಹಾಗೇ ನಿಲ್ಲುವರು. "ಬಲಕ್ಕೆ" ಎಂದರೆ ಮಾತ್ರ ಕಾಲು ಕದಲುತ್ತಿತ್ತು.

ತೀರಿಕೊಂಡ ದಿನ ಅವರ ಕೈಲಿ ಕಲಿತ ನಾಲ್ವರು ಬಂದರು. ಅವರೂ ಈಗ ನಡುವಯಸ್ಸಿನವರು. ಇವರನ್ನು ಹಲಗೆಯ ಮೇಲೆ ಮಲಗಿಸಿ ಮೂರನೆಯ ಅಂತಸ್ತಿನಿಂದ ಇಳಿಸಬೇಕು. ತಿರುವಿನಲ್ಲಿ ಹಲಗೆ ಸಿಕ್ಕಿಕೊಂಡಿತು. ಕೆಳಗಿನವರಿಗೆ ಹಲಗೆಯ ಅಡಿ ಬಿಟ್ಟು ಏನೂ ಕಾಣುತ್ತಿರಲಿಲ್ಲ. "ಅಮ್ಮಾ, ನೀವೇ ಹೇಳಿ" ಎಂದ ಒಬ್ಬ.

ನಾನು ಮೇಲಿನ ಮೆಟ್ಟಿಲಲ್ಲಿ ನಿಂತೆ. "ಎಡಕ್ಕೆ. ಸ್ವಲ್ಪ ವಾಲಿಸಿ. ಮೆಟ್ಟಿಲು. ಇನ್ನೊಂದು ಮೆಟ್ಟಿಲು." ಇಳಿದರು. ಗೋಡೆಗೆ ಗೀರು ಬೀಳಲಿಲ್ಲ. ಇನ್ನೇನು ತಿರುವು ದಾಟಿ ಯಜಮಾನರ ಮುಖ ಮರೆಯಾಗಬೇಕು, ನನ್ನ ದನಿ ನಿಂತಿತು.

ನಾಲ್ವರೂ ನಿಂತರು. ಅಷ್ಟು ಭಾರ ಹೆಗಲ ಮೇಲಿದ್ದರೂ ಒಬ್ಬನೂ ಕದಲಲಿಲ್ಲ, ಯಾಕಮ್ಮ ಎಂದು ಕೇಳಲಿಲ್ಲ. ಬೆವರು ಮೆಟ್ಟಿಲ ಮೇಲೆ ತೊಟ್ಟಿಕ್ಕುವುದು ಕೇಳುತ್ತಿತ್ತು. ನಾನು ಬೇಕಾದಷ್ಟು ಹೊತ್ತು ನೋಡಿದೆ.

ಆಮೇಲೆ "ಮೆಟ್ಟಿಲು" ಎಂದೆ.